ಇಳಿಸಿದ ಮೇಲೆ ಆಡುವ ಮಾತು

ಆಂಟಾಪ್ ಹಿಲ್
೧೨ ಜೂನ್ ೨೦೨೩

ಮಗಳು ರಂಜನಾಗೆ,

ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್‌ಮಿಷನ್, ಐ ಬೆಗ್ ಟು ಸ್ಟೇಟ್... ಕಾಲೇಜಿನಲ್ಲಿ ನಮಗೆ ಕಲಿಸಿದ ಪತ್ರ ಇದೊಂದೇ, ಅದೂ ಪ್ರಿನ್ಸಿಪಾಲರ ಹತ್ತಿರ ರಜೆ ಕೇಳುವುದಕ್ಕೆ. ಮಗಳಿಗೆ ಬರೆಯುವುದನ್ನು ಯಾರೂ ಕಲಿಸಲಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನ ಅವ್ವನ ತಿಥಿಯ ಊಟ ಮುಗಿದ ಮೇಲೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನೀನು ಅಂದೆಯಲ್ಲ, "ಇನ್ನ ಫೋನ್ ಮಾಡಬ್ಯಾಡಪ್ಪಾ. ಫೋನ್‌ದಾಗ ನೀ 'ಊಟ ಆತಾ' ಅಂತೀ, ಆಮ್ಯಾಲ ಸುಮ್ಮನಾಗ್ತೀ. ಹೇಳೂದಿದ್ರ ಬರದು ಕಳಸು" ಅಂತ. ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಇವತ್ತು ಇನ್‌ಲ್ಯಾಂಡ್ ಲೆಟರ್ ಕೇಳಲು ಹೋದರೆ ಪೋಸ್ಟಿನವಳು ಎಲ್ಲಿಗೆ ಅಂತ ಕೇಳಿ ನಕ್ಕಳು. "ಚಾಚಾ, ಸಾಂತಾಕ್ರೂಜ್? ವಡಾಲಾ ಮೇ ಗಾಡಿ ಬದಲೋ, ಚಿಠ್ಠೀ ಸೇ ಪೆಹಲೇ ಆಪ್ ಪಹುಂಚ್ ಜಾಓಗೇ." ಪತ್ರಕ್ಕಿಂತ ಮೊದಲು ನಾನೇ ಮುಟ್ಟುತ್ತೇನಂತೆ. ಪತ್ರಕ್ಕೆ ಬಾಗಿಲು ತೆರೆಯುತ್ತದೆ, ನನಗೆ ತೆರೆಯುತ್ತದೋ ಇಲ್ಲವೋ ಗೊತ್ತಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು?

ಎಲ್ಲಿಂದ ಶುರು ಮಾಡಲಿ? ಕತ್ತೆಯಿಂದ ಮಾಡುತ್ತೇನೆ. ವಿಜಯಪುರದಲ್ಲಿ ಬಿ.ಎ. ಮೊದಲ ವರ್ಷ ಓದುವಾಗ ಇಂಗ್ಲಿಷ್ ಮಾಸ್ತರರು 'ಓವರ್‌ಬರ್ಡನ್ಡ್' ಎಂಬ ಶಬ್ದ ಕೊಟ್ಟು, ಸ್ವಂತ ವಾಕ್ಯ ಮಾಡಿರಿ ಅಂದರು. ನಾನು ಬರೆದೆ: ದಿ ಡಾಂಕಿ ಈಸ್ ಓವರ್‌ಬರ್ಡನ್ಡ್. ಅರ್ಧ ಮಾರ್ಕು ಕೊಟ್ಟು, "ಮಿಸ್ಟರ್ ಶಾಂತಪ್ಪ, ಹೌ ಡು ಯು ನೋ? ಡಿಡ್ ಯು ಆಸ್ಕ್ ದಿ ಡಾಂಕಿ?" ಅಂದರು. ಇಡೀ ಕ್ಲಾಸು ನಕ್ಕಿತು. ಮುಂದೆ ಓದು ಬಿಟ್ಟಿತು, ಮುಂಬಯಿಗೆ ಬಂದೆ, ಹಡಗು ನಿಲ್ಲುವ ಗೋದಿಯಲ್ಲಿ ಕ್ರೇನಿಗೆ ಕೈಸನ್ನೆ ಮಾಡುತ್ತ ಮೂವತ್ತೊಂದು ವರ್ಷ ಕಳೆದೆ. ಆ ಅರ್ಧ ಮಾರ್ಕು ಎಲ್ಲಿ ಹೋಯಿತೆಂಬುದು ಈಗ ತಿಳಿಯುತ್ತಿದೆ.

ಆ ಇಂಗ್ಲಿಷ್ ಶಬ್ದಕ್ಕೆ ನಮ್ಮ ಕಡೆ ಒಂದು ಮಾತಿದೆ. ವಜ್ಜೆ. ನಿನಗೆ ಗೊತ್ತು, ನಿನ್ನ ಅವ್ವನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಹಸಿ ಕಂಬಳಿ ವಜ್ಜೆ. ಉಪ್ಪು ಹೆಚ್ಚಾದ ಸಾರು ನಾಲಿಗೆಗೆ ವಜ್ಜೆ. ನಮ್ಮನೆಗೆ ಬಂದು ಮೂರು ತಾಸು ಕೂರುವ ದೇವಾನಂದ ಮನೆಗೆ ವಜ್ಜೆ. ಭಾರ ಅಂದರೆ ತಕ್ಕಡಿ ಹೇಳುವುದು. ವಜ್ಜೆ ಅಂದರೆ ಕುತ್ತಿಗೆ ಹೇಳುವುದು, ತಾಳುವುದಕ್ಕಿಂತ ಒಂದು ಹಿಡಿ ಹೆಚ್ಚು. ಆದರೆ ಒಂದನ್ನು ಗಮನಿಸಿದ್ದೀಯಾ? ಬಾಂದ್ರಾದ ಬಿಲ್ಡಿಂಗುಗಳಲ್ಲಿ ಹತ್ತೊಂಬತ್ತು ವರ್ಷ ಇಟ್ಟಂಗಿ ಹೊತ್ತವಳು, ತಲೆಯ ಮೇಲೆ ಬುಟ್ಟಿ ಇದ್ದಾಗ ಆ ಮಾತನ್ನು ಒಂದು ದಿನವೂ ಆಡಲಿಲ್ಲ.

ಎರಡನೇ ಮಾಳಿಗೆಯ ವಿಷಯ ಬರೆಯಬೇಕೆಂದೇ ಕೂತೆ. ಕಾಗದ ಮುಗಿಯಿತು.

ಊಟ ಆತಾ?

ನಿನ್ನ ಅಪ್ಪ
ಶಾಂತಪ್ಪ

*

ಸಾಂತಾಕ್ರೂಜ್ ಈಸ್ಟ್
೩ ಜುಲೈ ೨೦೨೩

ಅಪ್ಪಾ,

ನಿನ್ನ ಪತ್ರ ಎರಡು ಸಲ ಓದಿದೆ, ಯಾಕೆಂದರೆ ಮೊದಲ ಸಲ ಅರ್ಧ ತಿಳಿಯಲಿಲ್ಲ. ಮುನ್ಸಿಪಾಲ್ಟಿ ಶಾಲೆಯಲ್ಲಿ ಏಳನೇ ಕ್ಲಾಸ್ ತನಕ ಕಲಿತ ಕನ್ನಡ, ಜಂಗ್ ಹಿಡಿದಿದೆ. ನಿನ್ನ ಅಳಿಯ ರೋಶನ್ ನನಗಿಂತ ಫಾಸ್ಟ್ ಓದುತ್ತಾರೆ. ಕತ್ತೆಗೆ ನಕ್ಕರು. "ನಿನ್ನ ಅಪ್ಪ ಭಾರೀ ಜೋರು ಮಾರಾಯ್ತಿ" ಅಂದರು.

ನಾನು ನಗಲಿಲ್ಲ.

ಅಕ್ಷರ ಕೆಟ್ಟದಾಗಿದೆ, ಬಲಗೈ ಸ್ವಲ್ಪ ನೋಯುತ್ತದೆ. ಅತ್ತೆ ಇದ್ದ ಹಾಗೇ ಇದ್ದಾರೆ. ಬಲಗಡೆ ಪೂರಾ ಬಿದ್ದುಹೋಗಿದೆ, ಮಾತಿಲ್ಲ. ಹೋಟೆಲ್ ನಡೆಯುತ್ತಿದೆ. ಇಷ್ಟೇ ಇಲ್ಲಿಯ ಸುದ್ದಿ.

ನೀನು ಸುತ್ತಬೇಡ. ಎರಡನೇ ಮಾಳಿಗೆಯದ್ದು ಬರೆ. ನನಗೆ ಅದೊಂದೇ ಬೇಕು.

ರಂಜನಾ

*

ಆಂಟಾಪ್ ಹಿಲ್
೨೦ ಜುಲೈ ೨೦೨೩

ರಂಜನಾ,

ಬರೆಯುತ್ತೇನೆ. ನಡುವೆ ಸುತ್ತಿದರೆ ಬೈಯಬೇಡ, ನೇರ ನಡೆಯುವ ಕಾಲಲ್ಲ ಇದು.

ನಮ್ಮೂರಿನಿಂದ ಇಂಡಿ ಪಟ್ಟಣದ ಸಂತೆಗೆ ಹೋಗುವ ದಾರಿಯಲ್ಲಿ ಒಂದು ಹೊರೆಗಲ್ಲಿತ್ತು. ನೆಟ್ಟ ಕಲ್ಲು ಎರಡು, ಅವುಗಳ ಮೇಲೆ ಅಡ್ಡ ಒಂದು, ಹೆಂಗಸಿನ ಹೆಗಲೆತ್ತರಕ್ಕೆ. ತಲೆಹೊರೆಯವರು ಇನ್ನೊಬ್ಬರ ಕೈಗೆ ಕಾಯದೆ ಅಲ್ಲಿಗೆ ಬಂದು, ತುಸು ಬಾಗಿ, ಹೊರೆಯನ್ನು ಅದರ ಮೇಲೆ ಜಾರಿಸುತ್ತಿದ್ದರು. ಯಾರೋ ಸತ್ತ ಹೆಣ್ಣುಮಗಳ ಹೆಸರಲ್ಲಿ ಅವಳ ತವರಿನವರು ನೆಡಿಸಿದ್ದಂತೆ. ದಾರಿಯಲ್ಲಿ ಹೊತ್ತು ನಡೆಯುವವರಿಗೆ "ವಜ್ಜೆ ಆತೇನ?" ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಬಾರದು. ನಮ್ಮ ಅಜ್ಜಿ ಅನ್ನುತ್ತಿದ್ದಳು, "ಹೊತ್ತಾಗ ಕೇಳಿದ್ರ ಕುತ್ತಿಗಿ ಕೇಳಿಸ್ಕೋತೈತೋ ಹುಡುಗಾ. ಅದಕ್ಕ ನೆನಪಾದ್ರ ಮುಗೀತು, ಮುರೀತೈತಿ." ಕೇಳಬೇಡ, ಹೋಗಿ ಕೈ ಕೊಡು. ಇಳಿಸಿದ ಮೇಲೆ ಅವರೇ ಅನ್ನುತ್ತಾರೆ, "ಯವ್ವಾ, ಎಷ್ಟು ವಜ್ಜೆ ಇತ್ತು!" ಅಲ್ಲಿ ಅನ್ನಬಹುದು. ಆ ಕಲ್ಲು ಇದ್ದದ್ದು ಹೊರೆಗೂ ಹೌದು, ಆ ಮಾತಿಗೂ ಹೌದು.

ನಿನ್ನ ಅವ್ವನೂ ನಾನೂ ಬೆಳೆದದ್ದು ಹೀಗೆ. ಗೋದಿಯ ಪ್ರತಿ ಕ್ರೇನಿನ ಮೇಲೂ 'ಸೇಫ್ ವರ್ಕಿಂಗ್ ಲೋಡ್' ಎಂದು ಹಳದಿ ಬಣ್ಣದಲ್ಲಿ ಬರೆದಿರುತ್ತಿದ್ದರು, ಇಷ್ಟು ಟನ್ನು, ಅದರ ಮೇಲೆ ಒಂದು ಗೋಣಿಯೂ ಇಲ್ಲ. ಅದನ್ನು ಓದಿ ಕೈ ಎತ್ತುವುದು ನನ್ನ ನೌಕರಿ. ನಿನ್ನ ಅವ್ವನ ಹಣೆಯ ಮೇಲೆ ಯಾರೂ ಬರೆದಿರಲಿಲ್ಲ.

ಹೋದ ವರ್ಷ ಗಣಪತಿ ಕೂತ ವಾರ. ಸಂಜೆ ಐದಕ್ಕೆ ಕೆಳಗಿನ ನಲ್ಲಿಗೆ ನೀರು ಬರುವುದು ನಿನಗೆ ಗೊತ್ತು, ಮೂರನೇ ಮಾಳಿಗೆಗೆ ಹೊರುವುದೂ ಗೊತ್ತು. ಹಂಡೆ ನನಗೆ ಮುಟ್ಟಗೊಡುತ್ತಿರಲಿಲ್ಲ, "ಗಂಡಸರು ಹೊತ್ರ ಅರ್ಧ ನೀರು ಮೆಟ್ಟಲಿಗೆ" ಅಂತ. ಆ ದಿನ ಅವಳು ಬರುವುದು ತಡವಾಯಿತು. ಇಣುಕಿದೆ. ಎರಡನೇ ಮಾಳಿಗೆಯ ತಿರುವಿನಲ್ಲಿ, ತಲೆಯ ಮೇಲೆ ಹಂಡೆ, ಗೋಡೆಗೆ ಭುಜ ಕೊಟ್ಟು ನಿಂತಿದ್ದಳು. ಕಣ್ಣು ಮುಚ್ಚಿತ್ತು. ಇಳಿದು ಹೋಗಿ ಹಂಡೆಗೆ ಕೈ ಕೊಟ್ಟೆ. ಅವಳು ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಮರುದಿನ ಐದಕ್ಕೆ ಮೊದಲೇ ಹೋಗಿ ಆ ತಿರುವಿನಲ್ಲಿ ನಿಂತೆ. ಅದರ ಮರುದಿನವೂ ನಿಂತೆ. ಹಾಗೆ ಜನವರಿಯ ತನಕ, ಒಂದು ದಿನ ತಪ್ಪಲಿಲ್ಲ. ರಂಜನಾ, ನನಗೆ ಅದು ಪ್ರೀತಿ ಅನ್ನಿಸಿತ್ತು.

ಇಳಿಸಿದ ಮೇಲೂ ಅವಳು "ವಜ್ಜೆ ಇತ್ತು" ಅನ್ನುತ್ತಿರಲಿಲ್ಲ. ನಾನು ಅದಕ್ಕೆ ಕಾಯುತ್ತಿದ್ದೆ. ಹಂಡೆ ಮಾತ್ರ ಇಳಿದಿತ್ತು, ಹೊಟ್ಟೆಯೊಳಗೆ ಬೆಳೆಯುತ್ತಿದ್ದ ಗಂಟು ಇಳಿದಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಆಮೇಲಿನದು ನೀನೇ ನೋಡಿದ್ದೀ. ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಕೇಳಿದರು, "ಕಬ್ ಸೇ ಹೈ ಯೇ ತಕ್ಲೀಫ್?" ಯಾವಾಗಿನಿಂದ ಈ ತ್ರಾಸು ಅಂತ. ನಾನು "ಗಣಪತಿ ಸೇ" ಅಂದೆ. ನೀನು ತಿರುಗಿ ನನ್ನ ಮುಖ ನೋಡಿದೆ. ಆ ನೋಟ ಇನ್ನೂ ಮುಗಿದಿಲ್ಲ.

ಅಪ್ಪ
ಶಾಂತಪ್ಪ

*

ಆಂಟಾಪ್ ಹಿಲ್
೨೮ ಆಗಸ್ಟ್ ೨೦೨೩

ರಂಜನಾ,

ನಿನ್ನ ಉತ್ತರವಿಲ್ಲ. ಪೋಸ್ಟ್‌ಮನ್ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸಿಬಿಡುತ್ತಾನೆ, ಮೆಟ್ಟಿಲು ಇಳಿಯುವ ಶ್ರಮ ಬೇಡ ಅಂತ. ಒಳ್ಳೆಯವನು.

ಒಂದು ಕೆಲಸ ಮಾಡಿದೆ. ಎರಡನೇ ಮಾಳಿಗೆಯ ತಿರುವಿನಲ್ಲಿ ನಿನ್ನ ಅವ್ವನ ಹೆಸರಲ್ಲಿ ಹೊರೆಗಲ್ಲು ನೆಡಿಸಿದೆ.

ಕಲ್ಲು ತಂದದ್ದು ನಿನ್ನ ಅವ್ವನ ಜೋಡಿ ಇಟ್ಟಂಗಿ ಹೊರುತ್ತಿದ್ದ ಲಕ್ಷ್ಮವ್ವ. ಅವಳು ಇನ್ನೂ ಬಾಂದ್ರಾಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಯಾರದೋ ಅಡುಗೆಕಟ್ಟೆಗೆ ತಂದು ಉಳಿದ ಕಡಪಾ ಕಲ್ಲನ್ನು ಕೂಲಿಗಳ ಮುಕಾದಮನ ಹತ್ತಿರ ಕೇಳಿ, ಮೂವರು ಹೆಂಗಸರನ್ನು ಕರೆದುಕೊಂಡು ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದಳು. ಸ್ಟೇಷನ್ನಿನಿಂದ ಇಲ್ಲಿಗೆ ಸರದಿಯ ಮೇಲೆ ತಲೆಯ ಮೇಲೇ ಹೊತ್ತರು. "ಅಣ್ಣಾ, ಹೊರಿ ಇಳಿಸೂ ಕಲ್ಲ ತರಾಕ ಹಾದ್ಯಾಗ ಒಂದ ಕಲ್ಲ ಇರಲಿಲ್ಲ ನೋಡು" ಅಂದಳು. ನಿಂತು ನಕ್ಕಳು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರೋ ಏನೋ. ಮೂಲೆಯಲ್ಲಿ ಎರಡು ಇಟ್ಟಂಗಿ ಕಂಬ ಎಬ್ಬಿಸಿ ಅವಳೇ ಸಿಮೆಂಟು ಮೆತ್ತಿದಳು. ಎತ್ತರ ನಿನ್ನ ಅವ್ವನ ಹೆಗಲಿಗೆ ಸರಿಯಾಗಿ. ಗೋಡೆಯ ಮೇಲೆ ಅವಳ ತಲೆಯೆಣ್ಣೆಯ ಕಲೆ ಉಳಿದಿತ್ತು, ಅಳತೆ ಸಿಕ್ಕಿತು.

ಸೊಸೈಟಿ ಸೆಕ್ರೆಟರಿ ದೇವಾನಂದ ಹಾರಾಡಿದ. "ಏನ್ ಶಾಂತಪ್ಪ ಮಾಮಾ, ಇದೇನ್ ನಿಮ್ಮೂರ ಅಗಸಿ ಬಾಗಲಾ ಅಂತ ತಿಳಿದೀರೇನ? ನಾಳೆ ಫೈರ್‌ನವರು ಬಂದ್ರ ನಾ ಏನ್ ಹೇಳ್ಲಿ?" ನಾನು, "ಫೈರ್‌ನವರಿಗೂ ಪೈಪ್ ಇಡಾಕ ಜಾಗಾ ಆತಪಾ" ಅಂದೆ. ನೋಟಿಸ್ ಕೊಡುತ್ತೇನೆ ಅಂದು ಹೋದ. ಮೂರನೇ ದಿನ ತಾನೇ ಇಪ್ಪತ್ತೈದು ಕಿಲೋ ಅಕ್ಕಿಚೀಲ ಹೊತ್ತು ಬಂದ. ಆಚೆ ಈಚೆ ನೋಡಿದ. ಕಲ್ಲಿನ ಮೇಲೆ ಇಟ್ಟ. "ಅಯ್ಯಯ್ಯೋ, ಏನ್ ವಜ್ಜೆಪಾ!" ಅಂದ. ಮೇಲಿನ ಮೆಟ್ಟಿಲಲ್ಲಿ ನಾನು ಕೂತಿದ್ದೆ. ನೋಟಿಸಿನ ಮಾತು ಅಲ್ಲಿಗೆ ನಿಂತಿತು.

ಈಗ ಸಂಜೆ ಅಲ್ಲೇ ಕೂತಿರುತ್ತೇನೆ. ಮರಾಠಿಯವಳು ಹಂಡೆ ಇಟ್ಟು "ಕಿತೀ ಓಝಂ ಗ ಬಾಯೀ" ಅನ್ನುತ್ತಾಳೆ. ಗ್ಯಾಸಿನವನು ಸಿಲಿಂಡರ್ ಇಟ್ಟು "ಬೋಝ್ ಹೈ ಬಾಬಾ" ಅನ್ನುತ್ತಾನೆ. ನಾಲ್ಕನೇ ಮಾಳಿಗೆಯ ಕಾಲೇಜು ಹುಡುಗಿ ಪುಸ್ತಕದ ಚೀಲ ಇಟ್ಟು "ಓವರ್‌ಲೋಡ್, ಅಂಕಲ್" ಅನ್ನುತ್ತಾಳೆ. ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಇಳಿಸಿದ ಕೂಡಲೇ ಬಾಯಿ ತಾನೇ ತೆರೆಯುತ್ತದೆ.

ಎಲ್ಲರ ಬಾಯಲ್ಲೂ ಕೇಳಿದೆ. ಕೇಳಬೇಕಾದವಳ ಬಾಯೊಂದು ಬಿಟ್ಟು.

ಒಮ್ಮೆ ಬಂದು ನೋಡುತ್ತೀಯಾ?

ಅಪ್ಪ

*

ಸಾಂತಾಕ್ರೂಜ್ ಈಸ್ಟ್
೨ ಅಕ್ಟೋಬರ್ ೨೦೨೩

ಅಪ್ಪಾ,

ಎರಡೂ ಪತ್ರ ಬಂದಿವೆ. ಇವತ್ತು ಕೂತು ಬರೆಯುತ್ತಿದ್ದೇನೆ, ಎಡಗೈಯಲ್ಲಿ ಪೆನ್ನು ಹಿಡಿದುಕೊಂಡು.

ನೀನು ಅವ್ವನಿಗೆ ಕಲ್ಲು ನೆಡಿಸಿದೆ. ಬಿಲ್ಡಿಂಗಿನವರೆಲ್ಲ ಖುಷಿಯಾಗಿದ್ದಾರೆ. ಒಳ್ಳೆಯದು. ಆದರೆ ಅವ್ವನಿಗೆ ಕಲ್ಲು ಕಡಿಮೆ ಇರಲಿಲ್ಲ ಅಪ್ಪಾ. ಐದು ತಿಂಗಳು ಅದೇ ಜಾಗದಲ್ಲಿ ಒಂದು ಕಲ್ಲು ನಿಂತೇ ಇತ್ತು. ಹಂಡೆ ಇಳಿಸಿಕೊಳ್ಳುತ್ತಿತ್ತು. ಏನೂ ಕೇಳುತ್ತಿರಲಿಲ್ಲ.

ಒಂದು ದಿನ, ಒಂದೇ ದಿನ, "ಅಂಬವ್ವಾ ಏನಾಗೇತಿ" ಅಂತ ಕೇಳಿದ್ದರೆ? ಕುತ್ತಿಗೆ ಮುರಿಯುತ್ತಿತ್ತು ಅಂತೀಯಾ. ಮುರಿಯಬೇಕಿತ್ತು. ಹಂಡೆ ಬೀಳಬೇಕಿತ್ತು. ನೀರು ಎಲ್ಲಾ ಮೆಟ್ಟಿಲಿಗೆ ಹೋಗಬೇಕಿತ್ತು. ಆಗ ಯಾರಾದರೂ ಅವಳನ್ನು ಡಾಕ್ಟರ್ ಹತ್ತಿರ ಒಯ್ಯುತ್ತಿದ್ದರು.

ನಿನ್ನ ಊರಿನ ಪದ್ಧತಿ ನನಗೆ ತಿಳಿಯುತ್ತದೆ. ಮಾಫ್ ಮಾಡಲಿಕ್ಕೆ ಆಗುವುದಿಲ್ಲ.

ನಾನು ಬರುವುದಿಲ್ಲ. ಇಲ್ಲಿ ಅತ್ತೆಯನ್ನು ಬಿಟ್ಟು ಬರಲಿಕ್ಕೂ ಆಗುವುದಿಲ್ಲ.

ರಂಜನಾ

*

ಆಂಟಾಪ್ ಹಿಲ್
೧೯ ನವೆಂಬರ್ ೨೦೨೩

ರಂಜನಾ,

ದೀಪಾವಳಿ ಕಳೆಯಿತು. ನಿನ್ನ ಪತ್ರವನ್ನು ಅಂಗಿ ಕಿಸೆಯಲ್ಲೇ ಇಟ್ಟುಕೊಂಡಿದ್ದೇನೆ, ಮಡಿಕೆಯಲ್ಲಿ ಹರಿದಿದೆ. ನೀನು ಬರೆದದ್ದು ಖರೆ. ನಾನು ಕಲ್ಲೇ. ಕರೆಕ್ಟ್ ಸೆಂಟೆನ್ಸ್, ಪೂರಾ ಮಾರ್ಕು.

ಹೋದ ವಾರ ಮೊದಲ ಸಲ ನಾನೇ ಕೆಳಗಿನಿಂದ ಹಂಡೆ ಹೊತ್ತು ತಂದೆ. ಅರ್ಧ ನೀರು ಮೆಟ್ಟಿಲಿಗೆ ಹೋಯಿತು, ಅವಳು ಹೇಳಿದ್ದು ಸರಿ. ಉಳಿದರ್ಧವನ್ನು ಕಲ್ಲಿನ ಮೇಲಿಟ್ಟು ಗೋಡೆಗೆ ಭುಜ ಕೊಟ್ಟು ನಿಂತೆ, ಅವಳು ನಿಲ್ಲುತ್ತಿದ್ದ ಹಾಗೆ. ಯಾರೂ ಇಲ್ಲ ಅಂದುಕೊಂಡು ಜೋರಾಗಿಯೇ ಕೇಳಿಬಿಟ್ಟೆ, "ಅಂಬವ್ವಾ, ವಜ್ಜೆ ಆಗೇತೇನ?" ಮೆಟ್ಟಿಲುಗಳ ನಡುವಿನ ಟೊಳ್ಳಿನಲ್ಲಿ ಅದು ಮೇಲಿನ ತನಕ ಹೋಯಿತು. ನಾಲ್ಕನೇ ಮಾಳಿಗೆಯಿಂದ ಯಾರೋ ಹೆಂಗಸು ಇಣುಕಿ ಹೇಳಿದಳು, "ನಹೀ ನಹೀ ಚಾಚಾ, ಆಪ್ ರಖೋ, ಕೋಯೀ ಬಾತ್ ನಹೀ." ಹಂಡೆ ಇಡಲೇ ಅಂತ ಕೇಳಿದೆ ಅಂದುಕೊಂಡಿದ್ದಳು. ನಾನು ನಕ್ಕೆ. ಕೂತೆ. ಐದು ತಿಂಗಳು ಬಾಯಿಗೆ ಬಾರದ ಮಾತು, ಇಷ್ಟು ಸಲೀಸು ಇತ್ತಲ್ಲ.

ನಿನ್ನೆ ಲಕ್ಷ್ಮವ್ವ ಬಂದಿದ್ದಳು. ಈಗ ಅವಳ ಕೆಲಸ ಸಾಂತಾಕ್ರೂಜ್‌ನಲ್ಲಿ. ನಿನ್ನನ್ನು ಮಾರ್ಕೆಟ್ಟಿನಲ್ಲಿ ಕಂಡಳಂತೆ. ಮಾತಾಡಿಸಬೇಕೆಂದು ಹತ್ತಿರ ಬಂದವಳು ನಿಂತುಬಿಟ್ಟಳಂತೆ. "ಅಣ್ಣಾ, ಬಲಗೈಗೆ ಪಟ್ಟಿ ಸುತ್ತ್ಯಾಳ. ಎಡಗೈಯಾಗ ಎರಡ ಚೀಲ. ಗೋಡಿಗೆ ಭುಜಾ ಕೊಟ್ಟು ಕಣ್ಣ ಮುಚ್ಚಿ ನಿಂತಿದ್ಲು. ನನಗ ಅಂಬವ್ವನ್ನ ನೋಡಿದಂಗ ಆತು. ನಾ ಏನೂ ಕೇಳಲಿಲ್ಲಪಾ. ಹೆಂಗ ಕೇಳ್ಲಿ, ಹೊತ್ತ ನಿಂತಾಕಿನ್ನ?"

ಅವಳಿಗೆ ನಾನು ಏನೂ ಅನ್ನಲಿಲ್ಲ. ನಮ್ಮವಳು.

ಆದರೆ ನಾನು ಕೇಳುತ್ತೇನೆ. ಅಜ್ಜಿ ಬೈದರೆ ಬೈಯಲಿ. ಕುತ್ತಿಗೆ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ.

ರಂಜನಾ, ವಜ್ಜೆ ಆಗೇತೇನವ್ವಾ?

ಅಪ್ಪ

*

ಸಾಂತಾಕ್ರೂಜ್ ಈಸ್ಟ್
೪ ಡಿಸೆಂಬರ್ ೨೦೨೩

ಅಪ್ಪಾ,

ಹೌದು.

ಅತ್ತೆಯನ್ನು ದಿನಕ್ಕೆ ಎಂಟು ಸಲ ಎತ್ತಬೇಕು, ಮಗ್ಗುಲು ತಿರುಗಿಸಬೇಕು. ಮಾರ್ಚಿನಿಂದ ನಾನೊಬ್ಬಳೇ. ಮೊದಲು ಕೆಲಸದ ಬಾಯಿ ಒಬ್ಬಳು ಬರುತ್ತಿದ್ದಳು, ಬಿಟ್ಟು ಹೋದಳು. ರೋಶನ್ ಬೆಳಿಗ್ಗೆ ಐದಕ್ಕೆ ಹೋಟೆಲ್‌ಗೆ ಹೋಗುತ್ತಾರೆ, ಬರುವಾಗ ರಾತ್ರಿ. ಅವರು ಕೇಳಿದರೆ ನಾನು "ಸಬ್ ಠೀಕ್" ಅನ್ನುತ್ತೇನೆ. ಮಣಿಕಟ್ಟು ಜೂನ್‌ನಿಂದ ಬಾತಿದೆ. ಎಕ್ಸ್‌ರೇ ತೆಗೆಸಿಲ್ಲ. ನಿದ್ದೆ ಅಂದರೆ ಒಂದೊಂದು ಗಂಟೆಯ ತುಂಡುಗಳು.

ನಿನ್ನ ಪತ್ರ ಓದಿ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತೆ. ನಿನ್ನ ಮೇಲೆ ಸಿಟ್ಟು ಮಾಡಿಕೊಂಡೇ ಹತ್ತು ತಿಂಗಳು ನಿಂತಿದ್ದೆ, ಅದೇ ನನ್ನ ಗೋಡೆಯಾಗಿತ್ತು. ಕೇಳದವನು ನೀನು. ಹೇಳದವಳು ಅವ್ವ. ನಾನು ಯಾರ ಮಗಳು ಅಂತ ಇವತ್ತು ಗೊತ್ತಾಯಿತು.

ಬಾ ಅಂತ ಬರೆಯುತ್ತಿಲ್ಲ. ಕೇಳಿದ್ದಕ್ಕೆ ಹೇಳಿದೆ ಅಷ್ಟೇ.

ಭಾನುವಾರ ಹನ್ನೊಂದಕ್ಕೆ ಅತ್ತೆಗೆ ಸ್ನಾನ ಮಾಡಿಸುವುದು. ಅದೇ ಎಲ್ಲಕ್ಕಿಂತ ವಜ್ಜೆ.

ರಂಜನಾ

*

ಸಾಂತಾಕ್ರೂಜ್ ಈಸ್ಟ್, ನಿನ್ನ ಅಡುಗೆಮನೆ
೧೦ ಡಿಸೆಂಬರ್ ೨೦೨೩, ಮಧ್ಯಾಹ್ನ

ರಂಜನಾ,

ಕಾಗದ ಸಿಗಲಿಲ್ಲ, ರೋಶನ್‌ನ ಹೋಟೆಲಿನ ಪಾರ್ಸೆಲ್ ಚೀಟಿಯ ಹಿಂದೆ ಬರೆಯುತ್ತಿದ್ದೇನೆ. ಇಬ್ಬರೂ ಸೇರಿ ಅತ್ತೆಯ ಸ್ನಾನ ಮುಗಿಸಿದ ಮೇಲೆ ನೀನು ಹನ್ನೆರಡೂವರೆಗೆ ಗೋಡೆಗೆ ಒರಗಿದವಳು ಹಾಗೇ ಜಾರಿ ಮಲಗಿದ್ದೀ. ಈಗ ನಾಲ್ಕಾಯಿತು. ಎಬ್ಬಿಸಲಿಲ್ಲ. ಬಂದ ಕೂಡಲೇ ಹೇಳಬೇಕಾದ ಮಾತು ಕೆಲವಿದ್ದವು. ನೀನು ಬಾಗಿಲು ತೆರೆದರೆ "ಊಟ ಆತಾ" ಅಂದುಬಿಟ್ಟೆ. ಹಳೇ ಚಾಳಿ. ನೀನು ನಕ್ಕಿದ್ದನ್ನು ನೋಡಿದೆ, ಮುಖ ತಿರುಗಿಸಿಕೊಂಡಿದ್ದರೂ.

ನಿನ್ನ ಅತ್ತೆ ಅಪ್ಪಿಯಮ್ಮನನ್ನು ಎರಡು ಸಲ ಮಗ್ಗುಲು ತಿರುಗಿಸಿದ್ದೇವೆ, ನಾನೂ ರೋಶನ್ನೂ. ಅವನು ಒಂದಕ್ಕೆ ಹೋಟೆಲ್ ಬಿಟ್ಟು ಬಂದ. ನಿನ್ನ ಕೈಯ ವಿಷಯ ಅವನಿಗೆ ಹೇಳಿದೆ. "ಠೀಕ್ ಅಂತ ಹೇಳಿದ್ಳಲ್ಲ ಮಾಮಾ" ಅಂದ, ತಲೆ ತಗ್ಗಿಸಿದ. ನಾಳೆ ಎಕ್ಸ್‌ರೇಗೆ ಅವನೇ ಒಯ್ಯುತ್ತಾನೆ, ಇಲ್ಲಿ ನಾನಿರುತ್ತೇನೆ. ನೀನು ಎಳೆದು ಎತ್ತುತ್ತೀ, ಅದು ತಪ್ಪು. ಗೋದಿಯಲ್ಲಿ ಸರಕಿಗೆ ಪಟ್ಟಾ ಹಾಕುವ ಹಾಗೆ ಚಾದರ ಮಡಿಚಿ ಬೆನ್ನ ಕೆಳಗೆ ಹಾಕಬೇಕು, ಇಬ್ಬರು ಎರಡು ತುದಿ ಹಿಡಿಯಬೇಕು. ಎತ್ತುವ ಮೊದಲು ಅಭ್ಯಾಸಬಲದಿಂದ ರೋಶನ್‌ಗೆ ಕ್ರೇನಿನ ಕೈಸನ್ನೆ ಮಾಡಿಬಿಟ್ಟೆ, ಹೆಬ್ಬೆರಳು ಮೇಲೆ. ಅಪ್ಪಿಯಮ್ಮ ಅರ್ಧ ಬಾಯಲ್ಲಿ ನಕ್ಕರು. ನಾನು ಅವರನ್ನೂ ಕೇಳಿದೆ, "ಬೇನೆ ಅದಾ?" ಕಣ್ಣು ಮುಚ್ಚಿ ಹೌದು ಅಂದರು. ಎಲ್ಲಿ ಅಂತ ಕೇಳಿದೆ. ಎಡಗೈಯಿಂದ ಸೊಂಟ ತೋರಿಸಿದರು. ಅಲ್ಲೊಂದು ದಿಂಬು ಇಟ್ಟೆ. ಈಗ ನಾನು ಎಲ್ಲರನ್ನೂ ಕೇಳುವವನಾಗಿದ್ದೇನೆ. ಬರುವಾಗ ಲೋಕಲ್‌ನಲ್ಲಿ ಟಿಫಿನ್ ಡಬ್ಬಿಯವನನ್ನೂ ಕೇಳಿದೆ, "ಪಾಗಲ್ ಹೈ ಕ್ಯಾ" ಅಂದ.

ಕೇಳಲಾಗದವಳು ಒಬ್ಬಳು ಉಳಿದಳು. ಅದು ನನ್ನದು, ಅದಕ್ಕೆ ಕಲ್ಲಿಲ್ಲ. ನೀನು ಮಾಫ್ ಮಾಡಬೇಕಾಗಿಲ್ಲ.

ಅನ್ನ ಮುಚ್ಚಿಟ್ಟಿದೆ. ಮೊದಲು ಉಣ್ಣು. ಆಮೇಲೆ ಇಲ್ಲಿ ಬಂದು ಕೂತು, ಎಷ್ಟು ವಜ್ಜೆ ಇತ್ತು ಅಂತ ಹೇಳು. ಇಳಿಸಿದ ಮೇಲೆ ಹೇಳಬಹುದು, ಎಷ್ಟು ಹೊತ್ತಾದರೂ ಹೇಳಬಹುದು. ಅದಷ್ಟು ಮಾತ್ರ ನಮ್ಮ ಊರಿನ ಪದ್ಧತಿ ಇರಲಿ.

ನಾನು ಇಲ್ಲೇ ಕೂತಿದ್ದೇನೆ.

ಅಪ್ಪ